ಎರೆಹೊಲದ ಹತ್ತಿಯ ವಂಶಾವಳಿ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನೊಡನೆ ಬರುವ ಹೆಳವರು ಒಂದು ಮನೆತನದ ಮೂಲಪುರುಷನಿಂದ ಮೊದಲ್ಗೊಂಡು, ಅದು ಹೇಗೆ ಕವಲು ಕವಲಾಗಿ ಹಬ್ಬಿತು, ಯಾವ ತಲೆಮಾರಿನಲ್ಲಿ ಯಾವ ಕವಲು ಯಾವ ಊರಿಗೆ ಹೋಗಿ ನೆಲೆಸಿತು ಎಂಬುದನ್ನೆಲ್ಲ ಒಪ್ಪಿಸುವುದುಂಟಷ್ಟೆ. ಸಸ್ಯಗಳ ವಿಕಾಸವನ್ನು ಶೋಧಿಸುವ ಶಾಸ್ತ್ರಜ್ಞನು ಗಿಡಮರಗಳ ವಿಷಯದಲ್ಲಿ ಕೈಕೊಂಡಿರುವ ಕಾರ್ಯವೂ ಇದೇ ಬಗೆಯದು. ಆದರೆ ಅವನಿಗೆ ಬಾಯಿಪಾಠದ ಪರಂಪರೆಯ ಆಸರೆಯಿಲ್ಲ. ಇಂದು ಬದುಕಿರುವ ಸಂತತಿಯ ಹೂವು, ಬೀಜ, ಜೀವಕೋಶಗಳನ್ನು ಪರೀಕ್ಷಿಸಿಯೇ ಅವನು ಎಂದೋ ಅಳಿದುಹೋದ ಪೂರ್ವಿಕರನ್ನು ಊಹಿಸಬೇಕು. ಈ ಶೋಧನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಹತ್ತಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ವಿರಳ.

ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರಿನ ಸೀಮೆಯನ್ನು ಭತ್ತದ ಕಣಜವಾಗಿ ಮಾರ್ಪಡಿಸಿದೆಯಾದರೂ, ಕಾಲುವೆಯ ನೀರು ಏರದ ಎರೆಹೊಲಗಳಲ್ಲಿ, ಅದರಲ್ಲಿಯೂ ಲಿಂಗಸುಗೂರು ಮತ್ತು ಮಸ್ಕಿಯ ಕಡೆಗೆ, ಜೋಳ ತೊಗರಿಗಳ ಜೊತೆಯಲ್ಲಿ ಹತ್ತಿ ಇಂದಿಗೂ ರೈತನ ಮುಖ್ಯವಾದ ಬೆಳೆ. ಈಗ ಅಲ್ಲಿ ಕಾಣುವುದು ಬಹುಮಟ್ಟಿಗೆ ಹೈಬ್ರಿಡ್ ಹತ್ತಿ; ಹಿರಿಯರ ಕಾಲದ ಜವಾರಿ ಹತ್ತಿ ಹಿಂದೆ ಸರಿದಿದೆ. ಜವಾರಿ ನಮ್ಮದು, ಹೈಬ್ರಿಡ್ ಹೊರಗಿನಿಂದ ಬಂದದ್ದು ಎಂದು ಜನ ಸಾಮಾನ್ಯವಾಗಿ ಭಾವಿಸುತ್ತಾರೆ. ಈ ಭಾವನೆ ಅರ್ಧ ಮಾತ್ರ ನಿಜವೆಂಬುದನ್ನು ವಂಶಶೋಧನೆ ತೋರಿಸಿಕೊಟ್ಟಿದೆ.

ಹತ್ತಿಯ ಗಿಡದ ಒಂದು ಎಲೆಯನ್ನು ಕಿತ್ತು ಬಿಸಿಲಿಗೆ ಹಿಡಿದು ನೋಡಿದರೆ, ಅದರ ಮೈಯೊಳಗೆಲ್ಲ ಸೂಜಿಯ ಮೊನೆಯಷ್ಟು ಸಣ್ಣ ಕರಿಯ ಚುಕ್ಕೆಗಳು ಗೋಚರಿಸುತ್ತವೆ. ಅವು ಗಾಸಿಪಾಲ್ ಎಂಬ ವಿಷದ್ರವ್ಯವನ್ನು ತುಂಬಿಕೊಂಡ ಗ್ರಂಥಿಗಳು. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಹೂಡಿರುವ ಉಪಾಯ. ಬೀಜದಲ್ಲಿಯೂ ಇದು ಇರುವುದರಿಂದಲೇ ಮೆಲುಕು ಹಾಕುವ ಎತ್ತು ಎಮ್ಮೆಗಳು ಹತ್ತಿಕಾಳನ್ನು ಅರಗಿಸಿಕೊಂಡರೂ ಕೋಳಿಗಳಿಗೆ ಅದು ಒಗ್ಗದು. ಹೂವರಸಿ ಮರದಲ್ಲಿಯೂ ಇಂಥವೇ ಗ್ರಂಥಿಗಳಿವೆ; ಅದರ ಹಳದಿ ಹೂವಿನ ನಡುವೆ ಜವಾರಿ ಹತ್ತಿಯ ಹೂವಿನಲ್ಲಿರುವಂತೆಯೇ ಕೆಂಗಪ್ಪು ಕಲೆಯುಂಟು. ಕೇಸರಗಳೆಲ್ಲ ಬುಡದಲ್ಲಿ ಕೂಡಿ ಕೊಳವೆಯಾಗಿ ಶಲಾಕೆಯನ್ನು ಸುತ್ತುವರಿದಿರುವ ಲಕ್ಷಣವಂತೂ ದಾಸವಾಳ, ಬೆಂಡೆ, ಪುಂಡಿಗಳಲ್ಲಿ ಸ್ಪಷ್ಟವಾಗಿದ್ದು, ಅವೆಲ್ಲವೂ ಹತ್ತಿಯ ದಾಯಾದಿಗಳೆಂದು ಸಾರುತ್ತದೆ. ಹಿಂದೆ ಬೇರೆ ಕುಟುಂಬಕ್ಕೆ ಸೇರಿದ್ದ ಬೂರುಗವನ್ನೂ, ಸವಣೂರಿನ ಮಠದ ಆವರಣದಲ್ಲಿರುವ ಭಾರಿ ಗಾತ್ರದ ದೊಡ್ಡಹುಣಸೆಯ ಮರಗಳನ್ನೂ ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ 1990ರ ದಶಕದ ಕೊನೆಯಿಂದೀಚೆಗೆ ಇದೇ ಕುಟುಂಬದಲ್ಲಿ ಸೇರಿಸಲಾಗಿದೆ.

ಕುಟುಂಬವನ್ನು ಬಿಟ್ಟು ಹತ್ತಿಯ ಕುಲವನ್ನೇ, ಎಂದರೆ ಗಾಸಿಪಿಯಂ ಅನ್ನೇ ತೆಗೆದುಕೊಂಡರೆ, ಅದರಲ್ಲಿ ಸುಮಾರು 50 ಪ್ರಭೇದಗಳಿವೆ. ಮನುಷ್ಯನು ಸಾಗುವಳಿಗೆ ತಂದಿರುವುದು ನಾಲ್ಕನ್ನು ಮಾತ್ರ. ಗಾಸಿಪಿಯಂ ಹರ್ಬೇಸಿಯಂ ಮತ್ತು ಗಾಸಿಪಿಯಂ ಆರ್ಬೋರಿಯಂ ಎಂಬೆರಡು ಹಳೆಯ ಜಗತ್ತಿನವು. ನಮ್ಮ ಜವಾರಿ ಹತ್ತಿಗಳು ಇವುಗಳಿಗೆ ಸೇರಿದವು. ಗಾಸಿಪಿಯಂ ಹಿರ್ಸುಟಂ ಮತ್ತು ಗಾಸಿಪಿಯಂ ಬಾರ್ಬಡೆನ್ಸ್ ಅಮೆರಿಕ ಖಂಡಗಳವು; ಇಂದಿನ ಹೈಬ್ರಿಡ್ ಹತ್ತಿ ಬಹುಮಟ್ಟಿಗೆ ಇವುಗಳ ಸಂತತಿ. ಮೊದಲಿನ ಎರಡರ ಜೀವಕೋಶದಲ್ಲಿ 26 ವರ್ಣತಂತುಗಳಿದ್ದರೆ, ಕೊನೆಯ ಎರಡರಲ್ಲಿ ಸರಿಯಾಗಿ ಅದರ ಇಮ್ಮಡಿ, ಎಂದರೆ 52 ಇವೆ. ಈ ಇಮ್ಮಡಿಯ ರಹಸ್ಯವನ್ನು ಬಿಡಿಸುವ ಪ್ರಯತ್ನವೇ ಹತ್ತಿಯ ವಂಶಶೋಧನೆಯ ತಿರುಳು.

ಸ್ಕೋವ್‌ಸ್ಟೆಡ್ ಎಂಬ ವಿಜ್ಞಾನಿ 1934ರಲ್ಲಿ, ಅಮೆರಿಕದ ಹತ್ತಿಗೂ ಏಷ್ಯದ ಹತ್ತಿಗೂ ಹುಟ್ಟಿದ ಸಂಕರ ಗಿಡಗಳಲ್ಲಿ ವರ್ಣತಂತುಗಳು ಜೋಡಿಗೂಡುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಅಂಥ ಗಿಡದಲ್ಲಿದ್ದ 39ರಲ್ಲಿ 13 ದೊಡ್ಡ ವರ್ಣತಂತುಗಳು ಏಷ್ಯದ 13ರೊಡನೆ ಜೊತೆಗೂಡಿದವು. ಮಿಕ್ಕ 13 ಸಣ್ಣವು ಸಂಗಾತಿಯಿಲ್ಲದೆ ಉಳಿದವು. ಆ ಸಣ್ಣವು ಅಮೆರಿಕದ ಕಾಡುಹತ್ತಿಗಳ ವರ್ಣತಂತುಗಳನ್ನು ಹೋಲುತ್ತಿದ್ದವು. ಆದುದರಿಂದ ಅಮೆರಿಕದ ಸಾಗುವಳಿ ಹತ್ತಿಯು ಹಳೆಯ ಜಗತ್ತಿನ ಒಂದು ಹತ್ತಿಗೂ ಅಮೆರಿಕದ ಒಂದು ಕಾಡುಹತ್ತಿಗೂ ಹುಟ್ಟಿದ ಸಂಕರವೆಂದೂ, ಆ ಸಂಕರದಲ್ಲಿ ವರ್ಣತಂತುಗಳು ಇಮ್ಮಡಿಯಾಗಿ ಅದು ಫಲವತ್ತಾಯಿತೆಂದೂ ಅವನು ಊಹಿಸಿದನು. 1940ರಲ್ಲಿ ಬೀಸ್ಲಿ ಎಂಬಾತನು ಏಷ್ಯದ ಹತ್ತಿಯನ್ನೂ ಅಮೆರಿಕದ ಕಾಡುಹತ್ತಿಯನ್ನೂ ಕೂಡಿಸಿ, ಕಾಲ್ಚಿಸೀನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ದ್ವಿಗುಣಗೊಳಿಸಿ, ಹಾಗೆ ಪಡೆದ ಗಿಡವು ಅಮೆರಿಕದ ಹತ್ತಿಯೊಡನೆ ಕೂಡಿ ಸಂತತಿಯನ್ನು ಕೊಡಬಲ್ಲದೆಂದು ತೋರಿಸಿದ ಮೇಲೆ ಊಹೆಗೆ ಪ್ರಯೋಗದ ಬಲವೂ ದೊರೆಯಿತು.

ಆದರೆ ನಡುವೆ ಅಟ್ಲಾಂಟಿಕ್ ಸಾಗರವಿರುವಾಗ ಎರಡೂ ಸಂಧಿಸಿದ್ದು ಹೇಗೆ? ಇಂದೂರಿನಲ್ಲಿ ಕೆಲವು ವರ್ಷ ಹತ್ತಿಯ ಸಂಶೋಧನೆ ನಡೆಸಿದ್ದ ಜೋಸೆಫ್ ಹಚಿನ್ಸನ್, ಸೈಲೋ ಮತ್ತು ಸ್ಟೀಫನ್ಸ್ ಎಂಬ ಸಹೋದ್ಯೋಗಿಗಳೊಡನೆ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಳೆಯ ಜಗತ್ತಿನ ಹತ್ತಿಯನ್ನು ಮನುಷ್ಯನೇ ಸಮುದ್ರದಾಚೆಗೆ ಒಯ್ದಿರಬೇಕೆಂಬ ವಾದವನ್ನು ಮುಂದಿಟ್ಟನು. ವಿದ್ವತ್ತಿನಿಂದ ಕೂಡಿದ್ದ ಆ ವಾದ ಡಿಎನ್‌ಎಯ ಸಾಕ್ಷ್ಯದೆದುರು ನಿಲ್ಲಲಿಲ್ಲ. ಹೆಚ್ಚಿನ ಹೂಗಿಡಗಳಲ್ಲಿ, ಹತ್ತಿಯಲ್ಲಿಯೂ, ಎಲೆಗೆ ಹಸುರನ್ನು ಕೊಡುವ ಕ್ಲೋರೋಪ್ಲಾಸ್ಟುಗಳು ತಾಯಿಯ ಕಡೆಯಿಂದ ಮಾತ್ರ ಸಂತತಿಗೆ ಬರುತ್ತವೆ. ಅವುಗಳ ಡಿಎನ್‌ಎಯನ್ನು ಹೋಲಿಸಿದ ಅಮೆರಿಕದ ಸಸ್ಯಶಾಸ್ತ್ರಜ್ಞ ಜೊನಾಥನ್ ವೆಂಡೆಲ್, ಅಮೆರಿಕದ ಹತ್ತಿಯ ತಾಯಿ ಹಳೆಯ ಜಗತ್ತಿನ ವಂಶದವಳೆಂಬುದನ್ನು 1989ರಲ್ಲಿ ಸ್ಥಾಪಿಸಿದನು. ತಂದೆಯ ಕಡೆಗೆ ಇಂದು ಬದುಕಿರುವವುಗಳಲ್ಲಿ ಅತ್ಯಂತ ಸಮೀಪವಾದದ್ದು ಪೆರು ದೇಶದ ಕಾಡುಹತ್ತಿ ಗಾಸಿಪಿಯಂ ರೈಮೊಂಡಿ. ಡಿಎನ್‌ಎಯಲ್ಲಿ ಅಕ್ಷರ ಅಕ್ಷರವಾಗಿ ಕೂಡುತ್ತ ಬಂದಿರುವ ಮಾರ್ಪಾಡುಗಳನ್ನು ಗಣಿಸಿ ಲೆಕ್ಕಹಾಕಿದಾಗ, ಈ ಸಮಾಗಮ ನಡೆದದ್ದು ಈಗ್ಗೆ ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಎಂದು ತಿಳಿಯಿತು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನಕ್ಕೆ ಎರಡು ಸಾವಿರದ ಇನ್ನೂರು ವರ್ಷಗಳ ಮೇಲಾಗಿದೆ. ಮೆಹರ್‌ಗಢವೆಂಬ ಪ್ರಾಚೀನ ನೆಲೆಯಲ್ಲಿ ತಾಮ್ರದ ಮಣಿಯೊಂದರೊಳಗೆ ದೊರೆತ ಹತ್ತಿಯ ದಾರವೂ ಏಳೆಂಟು ಸಾವಿರ ವರ್ಷಗಳಿಗಿಂತ ಹಿಂದೆ ಹೋಗದು. ಬಿತ್ತುವವರು ಹುಟ್ಟುವ ಮೊದಲೇ, ಬೀಜವು ಕಡಲ ಪ್ರವಾಹದೊಡನೆ ತೇಲಿ ಹೋಗಿ ನೆಂಟಸ್ತನ ಬೆಳೆಸಿತೆಂಬುದೇ ಈಗ ವಿದ್ವಾಂಸರು ಹೆಚ್ಚಾಗಿ ಒಪ್ಪುವ ಅಭಿಪ್ರಾಯ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅರಳೆಯ ಪ್ರತಿಯೊಂದು ಎಳೆಯೂ ಬೀಜದ ಸಿಪ್ಪೆಯಿಂದ ಹೊರಟ ಒಂದೇ ಒಂದು ಜೀವಕೋಶ. ಕಾಯಿ ಬಲಿಯುವ ಕೆಲವು ವಾರಗಳಲ್ಲಿ ಅದು ಹಿರ್ಸುಟಂ ಹತ್ತಿಯಲ್ಲಿ 25ರಿಂದ 30 ಮಿಲಿಮೀಟರುಗಳಷ್ಟು ಉದ್ದವಾಗಿ ಬೆಳೆಯುತ್ತದೆ. ನೂಲಲು ಬರುವ ಎಳೆಯನ್ನು ಕೊಡುವ ಶಕ್ತಿ ಹಳೆಯ ಜಗತ್ತಿನ ವಂಶಕ್ಕೆ ಮಾತ್ರವಿತ್ತು. ಪೆರುವಿನ ಕಾಡುಹತ್ತಿಯ ಬೀಜದ ಮೇಲಿರುವುದು ಕೆಲಸಕ್ಕೆ ಬಾರದ ತುಪ್ಪಳು. ಹಾಗಿದ್ದೂ ಇವೆರಡರ ಸಂತತಿಯ ಎಳೆ ಜವಾರಿ ಹತ್ತಿಯ ಎಳೆಗಿಂತ ಉದ್ದವಾಗಿದೆ, ಬಲವಾಗಿದೆ. ಎಳೆಯ ಗುಣವನ್ನು ನಿರ್ಣಯಿಸುವ ವಂಶವಾಹಿಗಳನ್ನು 1998ರಲ್ಲಿ ಹುಡುಕಿದಾಗ, ಅವುಗಳಲ್ಲಿ ಹೆಚ್ಚಿನವು ನೂಲಿಲ್ಲದ ತಂದೆಯ ಭಾಗದಲ್ಲಿಯೇ ಕಂಡುಬಂದವು. ಒಂಟಿಯಾಗಿದ್ದಾಗ ನಿಷ್ಪ್ರಯೋಜಕವೆನಿಸಿದ್ದ ಆಸ್ತಿ, ಇನ್ನೊಂದರ ಸಂಗಡ ಸೇರಿದಾಗ ಮಾನವನ ಆಯ್ಕೆಗೆ ಹೊಸ ದಾರಿಯನ್ನು ತೆರೆಯಿತು.

ಇದೆಲ್ಲ ಪಂಡಿತರ ಕುತೂಹಲ ಮಾತ್ರವಲ್ಲ. ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು 1972ರಲ್ಲಿ ಹೊರತಂದ ‘ವರಲಕ್ಷ್ಮಿ’ ಎಂಬ ಹತ್ತಿಯು ಹಿರ್ಸುಟಂ ಪ್ರಭೇದದ ‘ಲಕ್ಷ್ಮಿ’ಗೂ ಬಾರ್ಬಡೆನ್ಸ್ ಪ್ರಭೇದದ ಇನ್ನೊಂದು ತಳಿಗೂ ಹುಟ್ಟಿದ್ದು, ಎರಡು ಪ್ರಭೇದಗಳನ್ನು ಕೂಡಿಸಿ ವಾಣಿಜ್ಯದ ಮಟ್ಟದಲ್ಲಿ ಬೆಳೆದ ಮೊದಲ ಹೈಬ್ರಿಡ್ ಹತ್ತಿಯೆಂಬ ಕೀರ್ತಿ ಅದರದು. ಇಬ್ಬರೂ ಒಂದೇ ಸಮಾಗಮದ ಮೊಮ್ಮಕ್ಕಳಾದುದರಿಂದ, ಇಬ್ಬರಲ್ಲೂ 52 ವರ್ಣತಂತುಗಳಿರುವುದರಿಂದ ಆ ಸಂಬಂಧ ಕೂಡಿಬಂತು. ಅದೇ ಹಿರ್ಸುಟಂ ಹತ್ತಿಯನ್ನು ಜವಾರಿಯೊಡನೆ ಕೂಡಿಸಹೋದರೆ, ಹುಟ್ಟುವ ಗಿಡದಲ್ಲಿ 39 ವರ್ಣತಂತುಗಳಾಗಿ, ಅವು ಸರಿಸಮವಾಗಿ ಹಂಚಿಹೋಗಲಾರದೆ ಗಿಡ ಬಂಜೆಯಾಗುತ್ತದೆ. ಯಾವ ನೆಂಟಸ್ತನ ನೇರವಾಗಿ ಕುದುರುತ್ತದೆ, ಯಾವುದಕ್ಕೆ ಪ್ರಯೋಗಶಾಲೆಯ ಮಧ್ಯಸ್ಥಿಕೆ ಬೇಕು ಎಂಬುದನ್ನು ತಳಿಗಾರನು ವಂಶವೃಕ್ಷವನ್ನು ನೋಡಿಯೇ ನಿಶ್ಚಯಿಸಬೇಕು.

ಆ ಮಧ್ಯಸ್ಥಿಕೆಗೆ ಅವಶ್ಯಕತೆಯೂ ಉಂಟು. ವಾಯವ್ಯ ಭಾರತದಲ್ಲಿ ಅಮೆರಿಕದ ಹತ್ತಿಯನ್ನು ಹಾಳುಗೆಡವುವ ಎಲೆಮುದುಡು ರೋಗದ ವೈರಾಣು ಜವಾರಿ ಹತ್ತಿಗೆ ತಗಲುವುದಿಲ್ಲ; ಮಳೆ ಕೈಕೊಟ್ಟ ವರ್ಷದಲ್ಲಿ ಎರೆಯ ಆಳದ ತೇವವನ್ನೇ ಹೀರಿ ನಿಲ್ಲುವ ಸಹನೆಯೂ ಅದಕ್ಕಿದೆ. ಹೈಬ್ರಿಡ್ ಹತ್ತಿಯ ಪ್ರತಿಯೊಂದು ಜೀವಕೋಶದಲ್ಲಿರುವ ವರ್ಣತಂತುಗಳಲ್ಲಿ ಅರ್ಧದಷ್ಟು ಜವಾರಿಯ ವಂಶದವೇ ಆಗಿರುವುದರಿಂದ, ಇಂಥ ಗುಣಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಕಷ್ಟಸಾಧ್ಯವಾದರೂ ಅಸಾಧ್ಯವಲ್ಲ. ಆದರೆ ದಾಟಿಸಬೇಕಾದರೆ ಜವಾರಿ ಹತ್ತಿಯು ಬದುಕಿರಬೇಕು. ಲಿಂಗಸುಗೂರಿನ ಅಥವಾ ಮಸ್ಕಿಯ ರೈತನೊಬ್ಬನು ಹೊಲದ ಒಂದು ಮಗ್ಗುಲಲ್ಲಿ ನಾಲ್ಕು ಸಾಲು ಹಳೆಯ ಹತ್ತಿಯನ್ನು ಉಳಿಸಿಕೊಂಡರೆ, ಅವನು ಬರಿಯ ಹಳಮೆಯ ಮೋಹದಿಂದ ಹಾಗೆ ಮಾಡಿದನೆಂದು ನಗುವವರು, ಪಕ್ಕದ ಸಾಲಿನ ಹೈಬ್ರಿಡ್ ಹತ್ತಿಯ ತಾಯಿಯ ಮನೆ ಯಾವುದೆಂದು ವಿಚಾರಿಸಿಕೊಳ್ಳುವುದು ಮೇಲು.