ಅಧ್ಯಾಪಕರೂ ಆಟಗಾರರ ಮೊಣಕಾಲೂ

ಆಟಗಾರನ ಸ್ನಾಯುರಜ್ಜು ನೊಂದರೆ ‘ನೋವಡಗುವವರೆಗೆ ಮಲಗಿಕೊಂಡಿರು’ ಎನ್ನುವುದು ಬಹುಕಾಲದ ವಾಡಿಕೆ. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾನಿಲಯದಲ್ಲಿ ಫಿಸಿಯೋಥೆರಪಿಯನ್ನು ಬೋಧಿಸಿದ ಪ್ರೊಫೆಸರ್ ಜಿಲ್ ಕುಕ್ ಅವರು ಈ ವಾಡಿಕೆಯನ್ನು ಒಪ್ಪಲಿಲ್ಲ. ೨೦೦೯ರಲ್ಲಿ ಕ್ರೇಗ್ ಪರ್ಡಮ್ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ, ರಜ್ಜುವಿನ ಕೆಡುಕು ಮೂರು ಹಂತಗಳಲ್ಲಿ ಬೆಳೆಯುವುದೆಂದು ಪ್ರತಿಪಾದಿಸಿದರು. ಮೊದಲ ಹಂತದಲ್ಲಿ ಹೊರೆ ತಗ್ಗಿಸಿದರೆ ರಜ್ಜು ಮೊದಲಿನಂತಾಗಬಲ್ಲದು. ಕಡೆಯ ಹಂತದಲ್ಲಿ ಆ ಆಸೆ ಬಹು ಅಲ್ಪ. ಆಗಲೂ ಸುಮ್ಮನೆ ಮಲಗಿದರೆ ಅದರ ತಾಳಿಕೆ ಮತ್ತಷ್ಟು ಕುಗ್ಗುವುದು. ಅಳತೆಯರಿತು ಭಾರವನ್ನು ಏರಿಸುತ್ತ ಹೋಗಬೇಕು.

ಪಾಠ ಹೇಳುವವರಿಗೆ ಮೈದಾನದ ಗೊಡವೆಯೇಕೆಂದು ಕೇಳುವವರುಂಟು. ನಾವಾದರೋ ಶೋಧಿಸಿದವರೇ ಕಲಿಸಬೇಕೆನ್ನುವವರು. ಅಲ್ಟ್ರಾಸೌಂಡ್ ಚಿತ್ರದಲ್ಲಿ ಮೊಣಕಾಲಿನ ರಜ್ಜು ಕೆಟ್ಟಂತೆ ಕಂಡರೂ ನೋವಿಲ್ಲದೆ ಆಡುವವರು ಅನೇಕರೆಂಬುದನ್ನು ಕುಕ್ ಅವರೂ ಅವರ ಸಂಗಡಿಗರೂ ಕಂಡುಕೊಂಡರು. ಇದನ್ನು ಗುರುಮುಖದಿಂದ ತಿಳಿದ ಶಿಷ್ಯನು ಬರಿಯ ಚಿತ್ರವನ್ನು ನಂಬಿ ಆಟಗಾರನನ್ನು ಶಸ್ತ್ರವೈದ್ಯರ ಬಳಿಗೆ ಅಟ್ಟಲಾರನು.