ಹಳೆಯ ಸೀರೆಯೂ ಕಾಲರಾ ರೋಗವೂ

ಬಾವಿಯಿಂದ ಸೇದಿದ ನೀರನ್ನು ತುಂಬುವಾಗ ಕೊಡದ ಬಾಯಿಗೆ ಬಟ್ಟೆಯೊಂದನ್ನು ಕಟ್ಟುವ ಪದ್ಧತಿಯನ್ನು ವಾಚಕರಲ್ಲಿ ಕೆಲವರಾದರೂ ತಮ್ಮ ಅಜ್ಜಿಯರ ಮನೆಗಳಲ್ಲಿ ಕಂಡಿರಬಹುದು. ಜೈನರಲ್ಲಂತೂ ನೀರನ್ನು ಸೋಸಿ ಕುಡಿಯುವುದು ಧರ್ಮದ ನಿಯಮವೇ ಆಗಿದೆ. ಆ ನಿಯಮದ ಉದ್ದೇಶ ನೀರಿನಲ್ಲಿರುವ ಜೀವಿಗಳ ರಕ್ಷಣೆ. ಕುಡಿಯುವವನಿಗೂ ಅದರಿಂದ ರಕ್ಷಣೆ ದೊರೆಯುವುದೊ ಇಲ್ಲವೊ ಎಂಬುದು ಬೇರೆಯ ಪ್ರಶ್ನೆ.

ಈ ಬೇರೆಯ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎತ್ತಿದಳು. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಕಾಲರಾ ನಿಲ್ಲುವುದೆ, ಎಂದು ಕೇಳಿದಳು. ನಾವು ಕರಿಹಲಗೆಯ ಮೇಲೆ ಲೆಕ್ಕವನ್ನೇ ಬರೆದು ತೋರಿಸಿದೆವು. ಕಾಲರಾ ಬ್ಯಾಕ್ಟೀರಿಯದ ಉದ್ದ ಸುಮಾರು ಎರಡು ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗ. ಅದರ ದಪ್ಪ ಇನ್ನೂ ಕಡಿಮೆ. ಹೊಸ ಹತ್ತಿಸೀರೆಯ ಎಳೆಗಳ ನಡುವಣ ಕಿಂಡಿಯಾದರೊ ನೂರು ಮೈಕ್ರಾನಿಗೂ ಮಿಕ್ಕಿದ್ದು. ಆನೆ ನುಗ್ಗುವ ಹೆಬ್ಬಾಗಿಲಿನಲ್ಲಿ ಇರುವೆಯನ್ನು ತಡೆಯಲಾದೀತೆ? ಸಾಧ್ಯವಿಲ್ಲವೆಂದು ಹೇಳಿ ಮುಂದಿನ ಪಾಠಕ್ಕೆ ಹೋದೆವು. ನಮ್ಮ ಗಣಿತವೇನೊ ಸರಿಯಾಗಿತ್ತು. ಉತ್ತರ ಮಾತ್ರ ತಪ್ಪಾಗಿತ್ತು. ಎಲ್ಲಿ ತಪ್ಪಿತೆಂಬುದನ್ನು ಬಾಂಗ್ಲಾದೇಶದ ಹಳ್ಳಿಗಳು ತಿಳಿಸುತ್ತವೆ.

ಢಾಕಾ ನಗರದ ಆಗ್ನೇಯಕ್ಕೆ, ಮೇಘನಾ ನದಿಯ ಬಯಲಿನಲ್ಲಿ, ಮತ್ಲಬ್ ಎಂಬ ಪ್ರದೇಶವಿದೆ. (ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸುವ ಅದೇ ಹೆಸರಿನ ತಂತ್ರಾಂಶಕ್ಕೂ ಈ ಊರಿಗೂ ಯಾವ ಸಂಬಂಧವೂ ಇಲ್ಲ.) ಎಲ್ಲಿ ನೋಡಿದರೂ ಅಲ್ಲಿ ನೀರು: ನದಿ, ಕಾಲುವೆ, ಹಿತ್ತಿಲಿನ ಕೊಳ. ಆ ನೀರಿನೊಡನೆಯೆ ವರ್ಷವರ್ಷವೂ ಕಾಲರಾ ಬರುತ್ತಿತ್ತು. ಈ ರೋಗದ ಕ್ರೌರ್ಯ ಅದರ ವೇಗದಲ್ಲಿದೆ. ದೇಹದ ನೀರೂ ಲವಣಗಳೂ ಎಷ್ಟು ಬೇಗ ಬರಿದಾಗುತ್ತವೆಂದರೆ, ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಚಿಕಿತ್ಸೆ ದೊರೆಯದಿದ್ದರೆ ಸಂಜೆಗೆ ಇಲ್ಲವಾಗಬಹುದು. ಆ ನಾಡು ಪೂರ್ವ ಪಾಕಿಸ್ತಾನವೆನಿಸಿಕೊಂಡಿದ್ದ ಕಾಲದಲ್ಲಿ, 1963ರಲ್ಲಿ, ಢಾಕಾದ ಕಾಲರಾ ಸಂಶೋಧನಾಲಯವು ಮತ್ಲಬಿನಲ್ಲಿ ತನ್ನ ಕ್ಷೇತ್ರಕೇಂದ್ರವನ್ನು ತೆರೆಯಿತು. 1966ರಿಂದ ಅಲ್ಲಿನ ಹಳ್ಳಿಗಳ ಪ್ರತಿಯೊಂದು ಜನನ ಮರಣವನ್ನೂ ಮನೆಮನೆಗೆ ಹೋಗಿ ಬರೆದಿಡುತ್ತ ಬಂದರು. ಗ್ರಾಮಸ್ಥರು ಇದಕ್ಕೆ ಬಾಗಿಲು ತೆರೆದರು; ಕೇಂದ್ರದ ಆಸ್ಪತ್ರೆ ಅವರಿಗೆ ಉಚಿತ ಚಿಕಿತ್ಸೆ ನೀಡಿತು. ಇಂದು ಮನೆಮಾತಾಗಿರುವ ಉಪ್ಪುಸಕ್ಕರೆಗಳ ಪುನರ್ಜಲೀಕರಣ ದ್ರಾವಣದ ಮೊದಮೊದಲ ಯಶಸ್ವೀ ಪ್ರಯೋಗಗಳು 1968ರಲ್ಲಿ ನಡೆದುದು ಈ ಸಂಶೋಧನಾಲಯದ ಆಶ್ರಯದಲ್ಲಿಯೆ.

ರೋಗ ಬಂದ ಮೇಲೆ ಮಾಡಬೇಕಾದುದು ಹೀಗೆ ತಿಳಿಯಿತು. ಆದರೆ ಒಂದು ಹಾವಳಿಗೂ ಮತ್ತೊಂದಕ್ಕೂ ನಡುವೆ ಬ್ಯಾಕ್ಟೀರಿಯ ಎಲ್ಲಿ ಅಡಗಿರುತ್ತದೆ? ಅದು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತಲೆ ಬದುಕುತ್ತದೆಂದು ಬಹುಮಂದಿ ನಂಬಿದ್ದರು. ಅಮೆರಿಕದ ರೀಟಾ ಕೋಲ್ವೆಲ್ ಎಂಬ ಸೂಕ್ಷ್ಮಜೀವಿವಿಜ್ಞಾನಿ ಇದನ್ನೊಪ್ಪಲಿಲ್ಲ. ನೀರೇ ಅದರ ಸಹಜವಾದ ನೆಲೆ ಎಂದು ಆಕೆ ವಾದಿಸಿದರು. ಈ ವಾದವನ್ನು ಅನೇಕರು ಬಹುಕಾಲ ಶಂಕೆಯಿಂದಲೆ ನೋಡಿದರು. ಬಾಂಗ್ಲಾದವರೇ ಆದ ಅನ್ವರ್ ಹಕ್ ಮತ್ತು ಸಂಗಡಿಗರೊಡನೆ ಅವರು 1983ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಮನೆಯ ವಿಳಾಸವನ್ನು ಇನ್ನಷ್ಟು ಸ್ಪಷ್ಟಪಡಿಸಿತು.

ಕೊಳದ ನೀರಿನಲ್ಲಿ ಕೋಪೆಪಾಡ್ ಎಂಬ ಚಿಕ್ಕ ಜೀವಿಗಳಿರುತ್ತವೆ. ಸಿಗಡಿಯ ದೂರದ ಬಂಧುಗಳು ಇವು. ಗ್ರೀಕ್ ಭಾಷೆಯ ಈ ಹೆಸರಿಗೆ 'ಹುಟ್ಟುಗಾಲಿನವು' ಎಂದರ್ಥ. ದೋಣಿಯ ಹುಟ್ಟುಗಳಂತೆ ಕಾಲುಗಳನ್ನು ಬೀಸಿ ಈಜುತ್ತವೆ. ಬೆಳೆದ ಕೋಪೆಪಾಡ್ ಸುಮಾರು ಒಂದು ಮಿಲಿಮೀಟರ್ ಉದ್ದವಿರುತ್ತದೆ. ಕಾಲರಾ ಬ್ಯಾಕ್ಟೀರಿಯಗಳು ಇವುಗಳ ಕವಚಕ್ಕೆ, ಕರುಳಿಗೆ, ಮೊಟ್ಟೆಯ ಚೀಲಗಳಿಗೆ ಅಂಟಿಕೊಂಡು ವೃದ್ಧಿಯಾಗುತ್ತವೆ. ಒಂದೇ ಕೋಪೆಪಾಡಿನ ಮೇಲೆ ಹತ್ತು ಸಾವಿರದವರೆಗೂ ಇರಬಲ್ಲುವು!

ಈಗ ನಮ್ಮ ಲೆಕ್ಕದ ದೋಷ ಬಯಲಾಯಿತು. ಬ್ಯಾಕ್ಟೀರಿಯ ನೀರಿನಲ್ಲಿ ಒಂಟಿಯಾಗಿ ಅಲೆಯುವುದೆಂದು ನಾವು ಭಾವಿಸಿದ್ದೆವು. ಅದೋ ಸವಾರಿಯ ಮೇಲೆ ಬರುತ್ತದೆ. ಸವಾರನನ್ನು ಹಿಡಿಯುವಷ್ಟು ಸಣ್ಣ ಕಿಂಡಿಯ ಬಲೆ ನಮಗೆ ಬೇಕಾಗಿಯೇ ಇಲ್ಲ; ಕುದುರೆಯನ್ನು ಹಿಡಿದರೆ ಸಾಕು.

ಉಪಾಯವನ್ನು ಹುಡುಕಲು ಸಂಶೋಧಕರು ದೂರ ಹೋಗಬೇಕಾಗಲಿಲ್ಲ. ಬಾಂಗ್ಲಾದ ಹಳ್ಳಿಗಳ ಹೆಂಗಸರು ಮನೆಯಲ್ಲಿ ಮಾಡಿದ ಪಾನಕಗಳನ್ನು ಸೀರೆಯ ತುಂಡಿನಲ್ಲಿ ಸೋಸುವುದು ರೂಢಿಯಲ್ಲಿಯೇ ಇತ್ತು. ಕುದಿಸಿದ ನೀರು ಇದಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೌದೆಯ ಬರ ಅಲ್ಲಿ ಬಹಳ, ನೆರೆಯ ದಿನಗಳಲ್ಲಂತೂ ಒಣಸೌದೆ ಕಣ್ಣಿಗೂ ಕಾಣದು. ಸೀರೆಯೊ ಎಷ್ಟೇ ಬಡತನವಿದ್ದರೂ ಮನೆಯಲ್ಲಿರುತ್ತದೆ. ಹೆಂಗಸರಿಗೆ ತಿಳಿದಿದ್ದುದು ಸೋಸುವ ಕ್ರಿಯೆ. ಸಂಶೋಧಕರು ಕೂಡಿಸಿದ್ದು ಎಷ್ಟು ಮಡಿಕೆ ಬೇಕೆಂಬ ಲೆಕ್ಕ. ನಾಲ್ಕರಿಂದ ಎಂಟು ಮಡಿಕೆಗಳಿದ್ದರೆ ಇಪ್ಪತ್ತು ಮೈಕ್ರಾನಿಗಿಂತ ದೊಡ್ಡದಾದ ಕಣಗಳು ನಿಲ್ಲುತ್ತವೆ. 1996ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಪ್ಲವಕಜೀವಿಗಳಿಗೆ ಅಂಟಿದ ಬ್ಯಾಕ್ಟೀರಿಯಗಳಲ್ಲಿ ಶೇಕಡ 99ರಷ್ಟು ಹೀಗೆ ಹೊರಗುಳಿದುವು.

ಭೌತವಿಜ್ಞಾನದ ದೃಷ್ಟಿಯಿಂದ ನಮಗೆ ಅತ್ಯಂತ ಸ್ವಾರಸ್ಯವೆನಿಸಿದುದು ಮತ್ತೊಂದು ಸಂಗತಿ. ಹೊಸ ಸೀರೆಗಿಂತ ಹಳೆಯ ಸೀರೆಯೆ ಮೇಲು! ಮತ್ತೆ ಮತ್ತೆ ಒಗೆದಾಗ ಹತ್ತಿಯ ಎಳೆಗಳು ಸಡಿಲಗೊಂಡು, ಅವುಗಳಿಂದ ಎದ್ದ ನವಿರಾದ ನಾರುಗಳು ಕಿಂಡಿಗಳಿಗೆ ಅಡ್ಡಲಾಗಿ ಹರಡಿಕೊಳ್ಳುತ್ತವೆ. ಕಿಂಡಿ ತಾನಾಗಿಯೆ ಕಿರಿದಾಗುತ್ತದೆ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದ ಅಡಿಯಲ್ಲಿ ಎರಡು ತುಂಡುಗಳನ್ನಿಟ್ಟು ನೋಡಿದೆವು. ಹೊಸ ಬಟ್ಟೆಯಲ್ಲಿ ಚೌಕಾಕಾರದ ಕಿಟಕಿಗಳು ಸಾಲಾಗಿ ಸ್ಪಷ್ಟವಾಗಿ ಕಂಡುವು. ಹಳೆಯದರಲ್ಲಿ ಪ್ರತಿಯೊಂದು ಕಿಟಕಿಗೂ ಜೇಡರಬಲೆ ಹೆಣೆದಂತಿತ್ತು. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು; ಖರ್ಚೇನೂ ಇಲ್ಲ. ಎಂಟು ಮಡಿಕೆಯಾದ ಮೇಲೆ ಇನ್ನೂ ಮಡಿಸಬಾರದೇಕೆ ಎಂದು ಕೇಳಬಹುದು. ಮಡಿಕೆ ಹೆಚ್ಚಿದಷ್ಟೂ ನೀರು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಹತ್ತು ಕೆಲಸಗಳ ನಡುವೆ ಕೊಡ ತುಂಬಿಸಬೇಕಾದವಳು ತೊಟ್ಟಿಕ್ಕುವ ನೀರಿಗಾಗಿ ಕಾದು ನಿಲ್ಲುವಳೆ?

ಪ್ರಯೋಗಶಾಲೆಯಲ್ಲಿ ಗೆದ್ದುದು ಹಳ್ಳಿಯಲ್ಲಿ ಗೆಲ್ಲಬೇಕೆಂಬ ನಿಯಮವೇನೂ ಇಲ್ಲ. ಆದುದರಿಂದ 1999ರ ಸೆಪ್ಟೆಂಬರಿನಿಂದ 2002ರ ಜುಲೈವರೆಗೆ ಮತ್ಲಬಿನ 65 ಹಳ್ಳಿಗಳಲ್ಲಿ ದೊಡ್ಡ ಪರೀಕ್ಷೆಯೊಂದು ನಡೆಯಿತು. ಒಟ್ಟು ಸುಮಾರು 1,33,000 ಜನ. ಒಂದು ಗುಂಪು ಸೀರೆಯಲ್ಲಿ ಸೋಸಿತು, ಇನ್ನೊಂದು ನೈಲಾನ್ ಜಾಲರಿಯಲ್ಲಿ. ಮೂರನೆಯದು ಎಂದಿನಂತೆ ನೀರು ತಂದಿತು. ಮನೆಮನೆಗೆ ಹೋಗಿ ಕಾರಣವನ್ನು ತಿಳಿಸಿ, ಮಡಿಸುವ ಕ್ರಮವನ್ನು ತೋರಿಸಿದರು. ಸೋಸಿದ ಬಟ್ಟೆಯನ್ನು ಹಾಗೆಯೆ ಬಿಟ್ಟರೆ ಹಿಡಿದ ಕುದುರೆಗಳೆಲ್ಲ ಅದರಲ್ಲಿಯೇ ಉಳಿಯುತ್ತವೆ. ಅದನ್ನು ಜಾಲಾಡಿ ಒಣಗಿಸುವುದನ್ನೂ ಕಲಿಸಬೇಕಾಯಿತು. ಮೂರನೆಯ ಗುಂಪಿಗೆ ಉಪಾಯವನ್ನು ತಿಳಿಸದೆ ಬಿಡುವುದು ನ್ಯಾಯವೆ ಎಂಬ ಅಳುಕು ನಮಗೂ ಉಂಟು. ಹೋಲಿಕೆಯಿಲ್ಲದೆ ಸೋಸುವುದರ ಫಲವನ್ನು ಅಳೆಯಲಾಗದು, ಕಾಯಿಲೆ ಬಿದ್ದವರಿಗೆಲ್ಲ ಚಿಕಿತ್ಸೆ ಕಾದಿತ್ತು ಎಂಬ ಸಮಾಧಾನಗಳು ಆ ಅಳುಕನ್ನು ಪೂರ್ತಿಯಾಗಿ ಅಳಿಸಲಾರವು.

ಫಲಿತಾಂಶ 2003ರಲ್ಲಿ ಹೊರಬಂದಿತು. ಸೀರೆಯಲ್ಲಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ತಗ್ಗಿತ್ತು. ಇಂಥ ವ್ಯತ್ಯಾಸ ಕೇವಲ ಆಕಸ್ಮಿಕವಾಗಿ ಒದಗುವ ಸಂಭವ ಸಾವಿರದಲ್ಲಿ ಐದಕ್ಕಿಂತ ಕಡಿಮೆ. ಕಾರ್ಖಾನೆಯ ನೈಲಾನಿಗಿಂತ ಹಳೆಯ ಸೀರೆ ಹಿಂದೆ ಬೀಳಲಿಲ್ಲ. ಶೇಕಡ 99 ಹೋಗಿ 48 ಏಕಾಯಿತು? ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಗಳು ಬಟ್ಟೆಯನ್ನು ದಾಟುತ್ತವೆ. ಅಲ್ಲದೆ ರೋಗ ಆಹಾರದಿಂದಲೂ ಕೈಗಳಿಂದಲೂ ಬರುತ್ತದೆ. ಹೊಲದಲ್ಲಿ ಬಾಯಾರಿದವನು ಬೊಗಸೆಯಲ್ಲಿ ಎತ್ತಿ ಕುಡಿದ ನೀರಿಗೆ ಸೀರೆಯ ಕಾವಲೆಲ್ಲಿ?

ಬಡವರಿಗೆ ಹಳೆಯ ಬಟ್ಟೆಯನ್ನು ತೋರಿಸಿ, ಶುದ್ಧವಾದ ನೀರನ್ನು ಒದಗಿಸುವ ಹೊಣೆಯಿಂದ ಸರ್ಕಾರಗಳು ಜಾರಿಕೊಳ್ಳಲು ಇದು ದಾರಿಯಾಗದೆ ಎಂದು ಕೆಲವರು ಕೇಳಬಹುದು. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಆದರೆ ಬಾಂಗ್ಲಾದಲ್ಲಿ ಶುದ್ಧಜಲಕ್ಕೆಂದು ಕೊರೆದ ಲಕ್ಷಾಂತರ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ವಿಷವಿದೆಯೆಂದು 1990ರ ದಶಕದಲ್ಲಿ ತಿಳಿದುಬಂದುದನ್ನೂ ಮರೆಯಲಾಗದು. ಆರ್ಸೆನಿಕ್ಕನ್ನು ಸೀರೆ ತಡೆಯದು. ಕೊಳವೆಬಾವಿಯನ್ನು ಬಿಟ್ಟು ಕೊಳದ ನೀರಿಗೇ ಮರಳಬೇಕಾದವಳಿಗೆ ನಲ್ಲಿ ಬರುವವರೆಗೆ ಏನು ಗತಿ ಎಂಬುದು ಇಲ್ಲಿನ ಪ್ರಶ್ನೆ.

ಕರ್ನಾಟಕಕ್ಕೆ ಈ ವಿಷಯ ಅಪರಿಚಿತವಲ್ಲ. ಉತ್ತರದ ಜಿಲ್ಲೆಗಳನ್ನು ಕಾಡಿದ್ದ ನಾರುಹುಣ್ಣನ್ನು ಹಿರಿಯರು ಬಲ್ಲರು. ಮೆಟ್ಟಿಲುಬಾವಿಗಳ ನೀರಿನಲ್ಲಿ ಅದರ ಮರಿಗಳನ್ನು ಹೊತ್ತು ತರುತ್ತಿದ್ದುದು ಸೈಕ್ಲಾಪ್ಸ್ ಎಂಬ ಇನ್ನೊಂದು ಕೋಪೆಪಾಡೇ. ಅಲ್ಲಿಯೂ ನೀರನ್ನು ಬಟ್ಟೆಯಲ್ಲಿ ಸೋಸುವುದು ಮುಖ್ಯವಾದ ಆಯುಧಗಳಲ್ಲೊಂದಾಗಿತ್ತು. 1996ರ ಅನಂತರ ಭಾರತದಲ್ಲಿ ಹೊಸ ರೋಗಿ ಕಾಣಿಸಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಮತ್ಲಬಿನ ಕಥೆಗೆ ಇನ್ನೊಂದು ಅಧ್ಯಾಯವುಂಟು. ಪರೀಕ್ಷೆ ಮುಗಿದು ಸುಮಾರು ಐದು ವರ್ಷಗಳಾದ ಮೇಲೆ ಸಂಶೋಧಕರು ಅದೇ ಜನರ ನಡುವೆ ಏಳು ಸಾವಿರಕ್ಕೂ ಮೇಲ್ಪಟ್ಟು ಹೆಂಗಸರನ್ನು ವಿಚಾರಿಸಿದರು. ಆ ವೇಳೆಗೆ ನೆನಪಿಸುವವರು ಯಾರೂ ಉಳಿದಿರಲಿಲ್ಲ. ಆದರೂ ಶೇಕಡ 31 ಮಂದಿ ನೀರನ್ನು ಸೋಸುತ್ತಲೆ ಇದ್ದರು. ಉಪಾಯವನ್ನೇ ತಿಳಿಸದೆ ಬಿಟ್ಟಿದ್ದ ಮೂರನೆಯ ಗುಂಪಿನಲ್ಲಿ ಸಹ ಶೇಕಡ 26 ಮನೆಗಳಲ್ಲಿ ಈಗ ನೀರನ್ನು ಸೋಸುತ್ತಿದ್ದರು. ನೆರೆಹೊರೆಯವರನ್ನು ನೋಡಿ ಕಲಿತಿದ್ದರೆನ್ನಬೇಕು. ತಾವು ಸೋಸದಿದ್ದರೂ ಸೋಸುವವರ ನಡುವೆ ವಾಸವಾಗಿದ್ದ ಮನೆಗಳಲ್ಲಿಯೂ ಕಾಲರಾ ಕಡಿಮೆಯಾಗಿತ್ತು. ಒಬ್ಬರಿಗೆ ರೋಗ ತಪ್ಪಿದರೆ, ಅವರಿಂದ ಎಲ್ಲರ ಕೊಳಕ್ಕೆ ಸೇರಬೇಕಾಗಿದ್ದ ಅಸಂಖ್ಯಾತ ಬ್ಯಾಕ್ಟೀರಿಯಗಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತವೆ. ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿ ಆ ವೇಳೆಗೆ ಪದವಿ ಮುಗಿಸಿ ಹೋಗಿದ್ದುದರಿಂದ, ತಿದ್ದಿದ ಉತ್ತರವನ್ನು ನಾವು ಪತ್ರದಲ್ಲಿ ಬರೆದು ಕಳುಹಿಸಿದೆವು.