ಟೆಸ್ಟರಿನೊಳಗೆ ನಾವೂ ಇದ್ದೇವೆ

ತೆಲಂಗಾಣದ ದೌಲತಾಬಾದ್ ಕಡೆಯ ಹೊಲಗಳಲ್ಲಿ ಬೋರಿನ ಸ್ಟಾರ್ಟರ್ ಡಬ್ಬಿಯೆದುರು ನಿಂತು "ಕರೆಂಟ್ ಬಂದದೇನು?" ಎಂದು ಕನ್ನಡದಲ್ಲೇ ಕೇಳುವವರು ಇಂದಿಗೂ ಇದ್ದಾರೆ. ಈ ಕೊಡಂಗಲ್ ಸೀಮೆ 1956ರವರೆಗೆ ಗುಲ್ಬರ್ಗಾ ಜಿಲ್ಲೆಯದೇ ಆಗಿತ್ತಲ್ಲ! ಉತ್ತರ ಹುಡುಕುವ ರೀತಿಯೂ ಗಡಿಯ ಎರಡೂ ಕಡೆ ಒಂದೇ: ಬೆರಳ ಹಿಂಭಾಗದಿಂದ ತಂತಿಯನ್ನು ಚೂರು ಸವರುವುದು. ಅಂಗೈ ತಾಗಿದರೆ ಮುಷ್ಟಿ ಬಿಗಿದು ತಂತಿಯನ್ನೇ ಹಿಡಿದುಕೊಳ್ಳುತ್ತದೆ, ಹಿಂಗೈಯಾದರೆ ಪಾರು ಎಂಬ ಲೆಕ್ಕ. ಲೆಕ್ಕ ಅರ್ಧ ಸರಿ. ಮುಷ್ಟಿ ಬಿಗಿಯುವುದು ನಿಜ. ಆದರೆ ಕೈ ಸಿಡಿಯುವ ಮೊದಲೇ ಕರೆಂಟು ಎದೆ ದಾಟಿ ಕಾಲಿಗಿಳಿದಿರುತ್ತದೆ.

ಈ ಧೈರ್ಯ ನಮಗೆ ಬಂದದ್ದು ಚಿಕ್ಕಂದಿನಲ್ಲಿ, ಸೆಲ್ಲಿನಿಂದ. 9 ವೋಲ್ಟಿನ ಚೌಕ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿದರೆ ಚುರ್ ಎಂದು ಹುಳಿಹುಳಿ. 18ನೇ ಶತಮಾನದಲ್ಲೇ ಸ್ವಿಸ್ ಪಂಡಿತ ಸುಲ್ಟ್ಸರ್ ಬೆಳ್ಳಿ, ಸೀಸದ ತುಂಡುಗಳನ್ನು ಜೋಡಿಸಿ ನಾಲಿಗೆಗಿಟ್ಟು ಇಂಥದೇ ರುಚಿ ಕಂಡಿದ್ದ. ಅಲ್ಲಿ ಕರೆಂಟು ನಾಲಿಗೆಯ ತುದಿಯಲ್ಲೇ ಹರಿದು ಮುಗಿಯುತ್ತದೆ. ಸ್ಟಾರ್ಟರಿನ ತಂತಿಯ ಕರೆಂಟಿಗೆ ಬೇಕಾದದ್ದು ನೆಲ. ನಡುವೆ ನಿಂತವರು ನಾವು. ಕೆಸರಿನಲ್ಲಿ ಬರಿಗಾಲಲ್ಲಿ ನಿಂತ ಮೈಯ ತಡೆ 1,000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ 230 ಮಿಲಿಆಂಪಿಯರ್. ಎದೆಬಡಿತ ಹಳಿ ತಪ್ಪಲು ಇದರ ಕಾಲುಭಾಗವೂ ಸಾಕಾಗಬಹುದು.

ಟೆಸ್ಟರಿನ ತಲೆಗೆ ಬೆರಳಿಟ್ಟಾಗಲೂ ಕರೆಂಟು ಹರಿಯುವುದು ನಮ್ಮ ಮೈಯಿಂದಲೇ! ಆದರೆ ಅದರ ಹಿಡಿಯೊಳಗೆ ನಿಯಾನ್ ದೀಪದ ಜೊತೆ ಸುಮಾರು 10 ಲಕ್ಷ ಓಮಿನ ಪುಟ್ಟ ರೆಸಿಸ್ಟರ್ ಕೂತಿರುತ್ತದೆ. ಹಾಗಾಗಿ ಅದೇ 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 0.23 ಮಿಲಿಆಂಪಿಯರ್, ಕೈಗೆ ತಿಳಿಯುವುದೂ ಇಲ್ಲ. ಅಕ್ಕಿಕಾಳಿನಂಥ ಆ ತುಣುಕೇ ಜೀವ ಕಾಯುವುದು. ನೀರು ಹೊಕ್ಕ, ಹಿಡಿ ಸೀಳಿದ ಟೆಸ್ಟರನ್ನು ಎಸೆದುಬಿಡಬೇಕು.

ಟ್ರ್ಯಾಕ್ಟರ್ ಬ್ಯಾಟರಿಗೆ ತಂತಿ ಕುಟ್ಟಿ ಕಿಡಿ ನೋಡುವವರದು ಬೇರೆಯೇ ಸಾಹಸ. 12 ವೋಲ್ಟು ಶಾಕ್ ಹೊಡೆಯದು, ನಿಜ. ಆದರೆ ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಏಳುತ್ತದೆ; ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಒಂದು ಕಿಡಿ ಸಾಕು. ಒಡೆದ ಡಬ್ಬಿಯ ಆ್ಯಸಿಡ್ ಹಾರುವುದು ಬಗ್ಗಿ ನೋಡುತ್ತಿದ್ದವರ ಕಣ್ಣಿಗೆ.

ಟೆಸ್ಟರೂ ಸುಳ್ಳು ಹೇಳುತ್ತದೆ. ಒಣ ಮರದ ಸ್ಟೂಲಿನ ಮೇಲೆ ನಿಂತರೆ ಮಂಕಾಗುತ್ತದೆ, ಹೊಲದ ಬಿಸಿಲಿನಲ್ಲಿ ಉರಿದರೂ ಕಾಣುವುದಿಲ್ಲ. ಕರೆಂಟು ಇದ್ದೇ ಇದೆ ಎಂದು ಗೊತ್ತಿರುವ ಪ್ಲಗ್ಗಿನಲ್ಲಿ ಮೊದಲು ಅದನ್ನೇ ಪರೀಕ್ಷಿಸಿ. ಉರಿಯಲಿಲ್ಲವೆಂದು ಮಾತ್ರ ತಂತಿ ಮುಟ್ಟಬೇಡಿ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಕೈ ಹಾಕಿ.